ಹಗಲು ಓಡಿ ರಾತ್ರಿ ಬೀಳುವ ಸರ್ವರ್



"ಸರ್ವರ್ ಇಲ್ರೀ, ನಾಳೆ ಬರ್ರಿ" ಅನ್ನುವ ಮಾತನ್ನು ಕೊಪ್ಪಳದ ಕಡೆ ಕೇಳದವರು ವಿರಳ. ಕರೆಂಟು ಹೋಗಿರಬಹುದು, ನೆಟ್‌ವರ್ಕ್ ಸಿಗದೆ ಇರಬಹುದು. ಆದರೆ ಎರಡೂ ಸರಿಯಿದ್ದು, ಊರಿನ ಹೆಸರು ಕನ್ನಡದಲ್ಲಿದೆ ಅನ್ನುವ ಒಂದೇ ಕಾರಣಕ್ಕೆ ಸಾಫ್ಟ್‌ವೇರ್ ಕ್ರ್ಯಾಶ್ ಆಗುವುದೂ ಉಂಟು. ಅಂಥ ದೋಷವನ್ನು ಪರೀಕ್ಷೆಯ ಹಂತದಲ್ಲೇ ಹೇಗೆ ಹಿಡಿಯುತ್ತಾರೆ, ನೋಡೋಣ.

ರಾಯಚೂರಿನಿಂದ ಬೇರೆಯಾಗಿ 1997ರಲ್ಲಿ ಹುಟ್ಟಿದ ಕೊಪ್ಪಳ ಜಿಲ್ಲೆಯ ಮೊದಲ ನಾಲ್ಕು ತಾಲ್ಲೂಕುಗಳನ್ನೇ ತಗೊಳ್ಳಿ: ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. ಲಿಪಿಗಳ ಅಕ್ಷರಗಳಿಗೆ ಸಂಕೇತ ಕೊಡುವ ಯುನಿಕೋಡ್‌ನಲ್ಲಿ ವ್ಯಂಜನಕ್ಕೊಂದು ಸಂಕೇತ. ಶಾಲೆಯಲ್ಲಿ ಕಲಿತ ಗುಡಿಸು, ಕೊಂಬು, ಎತ್ವಗಳಿಗೂ ಸೊನ್ನೆಗೂ ಒಂದೊಂದು. ಒತ್ತು ಕೂಡಿಸುವ ಅರ್ಧಾಕ್ಷರದ ಗುರುತಿಗೆ ಮತ್ತೊಂದು. ಹಾಗೆ ಎಣಿಸಿದರೆ ಕೊಪ್ಪಳಕ್ಕೆ 6, ಗಂಗಾವತಿಗೂ ಕುಷ್ಟಗಿಗೂ 7, ಯಲಬುರ್ಗಾಕ್ಕೆ 8. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಜಾಗ ಬೇಕು, ಇಂಗ್ಲಿಷ್ ಅಕ್ಷರಕ್ಕೆ 1 ಸಾಕು. ಊರಿನ ಹೆಸರಿಗೆ 20 ಬೈಟ್ ಧಾರಾಳವಾಯಿತು ಅಂದುಕೊಂಡು ಯಾರೋ ಪ್ರೋಗ್ರಾಂ ಬರೆದಿದ್ದಾರೆ ಅನ್ನಿ. ಕೊಪ್ಪಳಕ್ಕೆ 18 ಬೈಟ್, ಆರಾಮವಾಗಿ ಹಿಡಿಸುತ್ತದೆ. ಗಂಗಾವತಿಗೆ 21. ಪ್ರೋಗ್ರಾಂ 20ಕ್ಕೆ ಕತ್ತರಿಸಿದರೆ ಕೊನೆಯ ಗುಡಿಸಿನ ಮೂರನೆಯ ಬೈಟ್ ಹೋಗುತ್ತದೆ. ಉಳಿದ ಎರಡು ಬೈಟ್ ಯಾವ ಅಕ್ಷರವೂ ಅಲ್ಲ, ಅದನ್ನು ಓದಲು ಹೋದ ಮುಂದಿನ ಪ್ರೋಗ್ರಾಂ ಅಲ್ಲೇ ನಿಲ್ಲಬಹುದು. ಕೊಪ್ಪಳ ಒಂದನ್ನೇ ಹಾಕಿ ನೋಡಿದವರಿಗೆ ಈ ದೋಷ ಕಾಣುವುದೇ ಇಲ್ಲ. ಜಾಗವನ್ನು 21 ಬೈಟ್ ಮಾಡಿದರೆ? ಗಂಗಾವತಿ ಉಳಿಯುತ್ತದೆ, ಯಲಬುರ್ಗಾ ಸದ್ದಿಲ್ಲದೆ ಯಲಬುರ್ಗ ಆಗುತ್ತದೆ. ಕ್ರ್ಯಾಶ್ ಇಲ್ಲ, ದೂರು ಇಲ್ಲ, ದಾಖಲೆ ಮಾತ್ರ ತಪ್ಪು. ನನ್ನ ಮಟ್ಟಿಗೆ ಕ್ರ್ಯಾಶ್‌ಗಿಂತ ಇದೇ ಹೆಚ್ಚು ಅಪಾಯದ್ದು.

ಕೊಪ್ಪಳವನ್ನೂ ನಂಬುವ ಹಾಗಿಲ್ಲ. ಅದರ ಮೊದಲ ಅಕ್ಷರದ ಒತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎತ್ವ ಮತ್ತು ಕೊಂಬಿನ ದೀರ್ಘ ಎಂದು ಎರಡಾಗಿ ಬಿಡಿಸಿಯೂ ಬರೆಯಬಹುದು. ಯುನಿಕೋಡ್ ಎರಡನ್ನೂ ಸಮ ಅನ್ನುತ್ತದೆ, ಪರದೆಯ ಮೇಲೆ ಕಣ್ಣಿಗೆ ವ್ಯತ್ಯಾಸ ಸಿಗದು. ಬಿಡಿಸಿ ಬರೆದದ್ದು ಮಾತ್ರ 21 ಬೈಟ್. ಹೋಲಿಕೆಗೆ ಬೈಟ್‌ಗಳನ್ನಷ್ಟೇ ನೋಡುವ ಪ್ರೋಗ್ರಾಂಗೆ ಇವು ಎರಡು ಬೇರೆ ಊರು. ಅದಕ್ಕೇ ಹೆಸರು ಒಳಗೆ ಬರುವಾಗಲೇ ಎಲ್ಲವನ್ನೂ ಒಂದೇ ರೂಪಕ್ಕೆ ತರಬೇಕು.

ಇನ್ನು ಲೊಕೇಲ್. ಬಳಕೆದಾರರ ಭಾಷೆ ಯಾವುದು, ಅಕ್ಷರಗಳ ಸಂಕೇತ ಪದ್ಧತಿ ಯಾವುದು, ದಿನಾಂಕ, ಅಂಕಿ, ಅಕಾರಾದಿ ಹೇಗೆ ಎಂದು ಕಂಪ್ಯೂಟರ್ ಪ್ರೋಗ್ರಾಂಗೆ ತಿಳಿಸುವ ವ್ಯವಸ್ಥೆ ಇದು. ಎಂಜಿನಿಯರ್ ಹಗಲಲ್ಲಿ ಟರ್ಮಿನಲ್ ತೆರೆದು ಪ್ರೋಗ್ರಾಂ ನಡೆಸಿದಾಗ ಅವರ ಲೊಕೇಲ್ ಅದಕ್ಕೂ ಸಿಗುತ್ತದೆ, ಕೆಲಸ ಸರಾಗ. ರಾತ್ರಿ ಅದೇ ಪ್ರೋಗ್ರಾಂ ಅನ್ನು, ನಿಗದಿತ ಹೊತ್ತಿಗೆ ಕೆಲಸ ಶುರುಮಾಡುವ 'ಕ್ರಾನ್' ತಾನಾಗಿ ಎಬ್ಬಿಸಿದಾಗ ಆ ಸೆಟ್ಟಿಂಗ್ ಜೊತೆಗೆ ಬರದೇ ಹೋಗಬಹುದು. ಆಗ ಲಿನಕ್ಸ್ 'ಸಿ' ಎಂಬ ಮೂಲ ಲೊಕೇಲ್‌ಗೆ ಇಳಿಯುತ್ತದೆ. ಅದರಲ್ಲಿ ಗ್ಯಾರಂಟಿಯಾಗಿ ಇರುವುದು 128 ಸಂಕೇತಗಳ ಆಸ್ಕಿ, ಕನ್ನಡಕ್ಕೆ ಜಾಗವಿಲ್ಲ. ಪೈಥಾನ್ ಭಾಷೆಯ 3.6ನೇ ಆವೃತ್ತಿಯ ಪ್ರೋಗ್ರಾಂ ಇಲ್ಲಿ ಕುಷ್ಟಗಿ ಎಂದು ಮುದ್ರಿಸಹೋಗಿ ಬೀಳುತ್ತಿತ್ತು. 2018ರ 3.7ನೇ ಆವೃತ್ತಿ 'ಸಿ' ಲೊಕೇಲ್ ಕಂಡರೆ ಯುಟಿಎಫ್-8ಕ್ಕೆ ಬದಲಾಗುವಂತೆ ಮಾಡಿತು. ಹಳೆಯ ಆವೃತ್ತಿ ಉಳಿಸಿಕೊಂಡ ಸರ್ವರ್‌ಗೆ ಆ ಕಾಟ ತಪ್ಪಿಲ್ಲ.

ಬೆಳಿಗ್ಗೆ ಎಂಜಿನಿಯರ್ ಬಂದು ನಡೆಸಿದರೆ ಮತ್ತೆ ಎಲ್ಲ ಸರಿ! ಆಗ ಮಾಡಬೇಕಾದ್ದು ರಾತ್ರಿಯ ಸ್ಥಿತಿಯನ್ನು ಹಗಲಲ್ಲಿ ತರುವುದು. ಬೇಕೆಂದೇ ಲೊಕೇಲ್ ಅನ್ನು 'ಸಿ' ಮಾಡಿ ನಡೆಸಿದರೆ ಅದೇ ಸಾಲಿನಲ್ಲಿ, ಅದೇ ತಪ್ಪಿನೊಂದಿಗೆ ಬೀಳುತ್ತದೆ. ಕಣ್ಣೆದುರೇ ಬಿದ್ದರೆ ಅರ್ಧ ಕೆಲಸ ಮುಗಿದಂತೆ. ಯಾವ ಹೆಸರಿಗೆ ಬೀಳುತ್ತದೆ ಅನ್ನುವುದು ತಿಳಿಯದಿದ್ದರೆ ಪಟ್ಟಿಯನ್ನು ಅರ್ಧ ಮಾಡಿ ನಡೆಸಿ. ಬಿದ್ದ ಅರ್ಧವನ್ನು ಮತ್ತೆ ಅರ್ಧ ಮಾಡಿ. ಸಾವಿರ ಹೆಸರಿದ್ದರೂ ಹತ್ತು ಸಲದೊಳಗೆ ಒಂದಕ್ಕೆ ಬಂದು ನಿಲ್ಲುತ್ತದೆ.

ದೊಡ್ಡ ಕಂಪನಿಗಳಿಗೂ ಭಾರತೀಯ ಲಿಪಿಗಳಲ್ಲಿ ಪೆಟ್ಟು ಬಿದ್ದಿದೆ. 2018ರ ಫೆಬ್ರವರಿಯಲ್ಲಿ ತೆಲುಗಿನ 'ಜ್ಞಾ' ಒಂದು ಬಗೆಯಲ್ಲಿ ಬರೆದು ಬಂದರೆ ಐಫೋನಿನ ಆ್ಯಪ್‌ಗಳು ಮುಚ್ಚಿಕೊಳ್ಳುತ್ತಿದ್ದವು. ಆಪಲ್ ಕಂಪನಿ 19ನೇ ತಾರೀಖು ಐಫೋನ್ ತಂತ್ರಾಂಶದ 11.2.6 ಆವೃತ್ತಿ ಬಿಟ್ಟು ಸರಿಪಡಿಸಿತು. ಅದು ಲೊಕೇಲ್‌ನದಲ್ಲ, ಅಕ್ಷರ ಮೂಡಿಸುವ ಭಾಗದ ದೋಷ. ಆದರೂ ಗಂಗಾವತಿಯ ಕ್ಯಾಂಪುಗಳಲ್ಲಿ ತೆಲುಗು ಬಳಸುವ ಎಷ್ಟೋ ಮನೆಗಳಿವೆ, ಹೀಗಾಗಿ ನಮ್ಮ ಪರೀಕ್ಷೆಯ ಪಟ್ಟಿಯಲ್ಲಿ ತೆಲುಗು ಹೆಸರೂ ಇರಬೇಕು.

ಪರಿಹಾರವಾಗಿ, ಸಂಕೇತ ಪದ್ಧತಿ ಯುಟಿಎಫ್-8 ಎಂದು ಪ್ರೋಗ್ರಾಂನಲ್ಲೇ ಸ್ಪಷ್ಟವಾಗಿ ಬರೆಯಬೇಕು, ಹೊರಗಿನ ಸೆಟ್ಟಿಂಗ್ ನಂಬಿ ಕೂರಬಾರದು. ಅಂಕಿ, ದಿನಾಂಕಗಳನ್ನು ಒಳಗೆ ಒಂದೇ ಸ್ಥಿರ ರೂಪದಲ್ಲಿ ಇಟ್ಟು, ಜನರಿಗೆ ತೋರಿಸುವಾಗ ಮಾತ್ರ ಲೊಕೇಲ್ ಅನ್ವಯಿಸಬೇಕು. ಜಗತ್ತಿನ ಪ್ರೋಗ್ರಾಂಗಳು ನೆಚ್ಚಿರುವ ಯುನಿಕೋಡ್‌ನ ಲೊಕೇಲ್ ಭಂಡಾರದಲ್ಲಿ ಕನ್ನಡಕ್ಕೆ ರೂಢಿಯ ಅಂಕಿ 1, 2, 3; ಮರಾಠಿಗೆ ದೇವನಾಗರಿ ಅಂಕಿ. ಮರಾಠಿ ಲೊಕೇಲ್‌ನಲ್ಲಿ ಬರೆದ ಮೊತ್ತ ದೇವನಾಗರಿಯಲ್ಲಿ ಹೊರಬಂದು, ಅದನ್ನು ಲೆಕ್ಕಕ್ಕೆ ತಗೊಳ್ಳುವ ಮುಂದಿನ ಪ್ರೋಗ್ರಾಂಗೆ ಓದಲಾಗದೇ ಹೋಗಬಹುದು. ಆದ್ದರಿಂದ ಪ್ರತಿ ಬದಲಾವಣೆಯ ಮೇಲೂ ಇಡೀ ಪರೀಕ್ಷೆ 'ಸಿ' ಲೊಕೇಲ್‌ನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ, ಮರಾಠಿಯಲ್ಲಿ ಒಮ್ಮೆ ನಡೆಯಬೇಕು.