ಆಟವಾಡುತ್ತಾ ಎಣಿಕೆ ಕಲಿಯೋಣ
(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ಇವತ್ತು ಸಾಲ, ಬಡ್ಡಿಯ ಲೆಕ್ಕ ಬೇಡ. ನಿಮ್ಮ ಮಡಿಲಲ್ಲಿ ಕುಳಿತಿರುವ ಮಕ್ಕಳ ಲೆಕ್ಕದ ಬಗ್ಗೆ ಮಾತಾಡೋಣ.

ನಾವು ಒಂದು ಸಂಘದ ಭೇಟಿಗೆ ಹೋಗಿದ್ದಾಗ ನಾಲ್ಕು ವರ್ಷದ ಹುಡುಗಿಯೊಬ್ಬಳು ಒಂದರಿಂದ ಐವತ್ತರವರೆಗೆ ಗಡಗಡ ಹೇಳಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾವು ಹುಣಸೆ ಬೀಜದ ರಾಶಿ ತೋರಿಸಿ, "ಐದು ಬೀಜ ಕೊಡು ಪುಟ್ಟಿ" ಅಂದೆವು. ಮಗು ಒಂದು ಹಿಡಿ ತುಂಬ ಕೊಟ್ಟಿತು. ತಾಯಿಗೆ ಅವಮಾನವಾಯಿತು, ತಲೆಗೆ ಮೊಟಕಿದರು. ಮಗು ಅಳುತ್ತಾ ಸೆರಗಿನ ಹಿಂದೆ ಅಡಗಿಕೊಂಡಿತು.

ತಪ್ಪು ಮಗುವಿನದಲ್ಲ, ತಾಯಿಯದೂ ಅಲ್ಲ. ನಮ್ಮ ಬಾಲವಾಡಿಯಲ್ಲೂ ಬಹಳ ವರ್ಷ ನಾವು ನೂರರವರೆಗೆ ಬಾಯಿಪಾಠ ಮಾಡಿಸಿ, ಸ್ಲೇಟಿನಲ್ಲಿ ತಿದ್ದಿಸಿ, ಮಕ್ಕಳಿಗೆ ಲೆಕ್ಕ ಬಂತು ಅಂತ ತಿಳಿದಿದ್ದೆವು. ಅದು ಹಾಡು ಹೇಳಿದ ಹಾಗೆ, ಅಷ್ಟೇ. ಎಣಿಕೆ ಅಂದರೆ ಒಂದು ವಸ್ತುವಿಗೆ ಒಂದೇ ಸಂಖ್ಯೆ ಹೇಳಬೇಕು. ಯಾವುದನ್ನೂ ಬಿಡಬಾರದು, ಒಂದನ್ನೇ ಎರಡು ಸಲ ಎಣಿಸಬಾರದು. ಕೊನೆಯಲ್ಲಿ ಹೇಳಿದ ಸಂಖ್ಯೆಯೇ ಒಟ್ಟು ಎಷ್ಟು ಅನ್ನುವುದು ಮಗುವಿಗೆ ಹೊಳೆಯಬೇಕು. ಇದು ಬರುವುದು ಕೈಯಲ್ಲಿ ಮುಟ್ಟಿ ಆಡಿದಾಗ.

"ನಾವು ಶಾಲೆ ಮೆಟ್ಟಿಲು ಹತ್ತಿದವರಲ್ಲ ಸಿಸ್ಟರ್, ನಾವೇನು ಕಲಿಸ್ತೀವಿ?" ಅಂತ ನೀವು ಕೇಳ್ತೀರಿ. ಇಪ್ಪತ್ತು ಜನ, ತಲಾ ಐವತ್ತು ರೂಪಾಯಿ ಉಳಿತಾಯ ಅಂದರೆ ಸಾವಿರ ಅಂತ ಪೆನ್ನು ಹಿಡಿಯದೆ ಹೇಳುವವರು ನೀವೇ ಅಲ್ವಾ? ನಿಮಗೆ ಲೆಕ್ಕ ಗೊತ್ತಿದೆ. ಅದನ್ನು ಮಗುವಿನ ಜೊತೆ ಆಡಿದರೆ ಸಾಕು.

ತಟ್ಟೆ ಆಟ: ಊಟದ ಹೊತ್ತಿಗೆ "ಮನೆಯಲ್ಲಿ ಎಷ್ಟು ಜನ ಇದ್ದೀವಿ? ಒಬ್ಬೊಬ್ಬರಿಗೂ ಒಂದೊಂದು ತಟ್ಟೆ ಇಡು" ಅನ್ನಿ. ಒಂದು ಕಡಿಮೆಯಾದರೆ ಮಗುವಿಗೇ ಗೊತ್ತಾಗುತ್ತದೆ.

ಬೀಜದ ಆಟ: ಐದು ಬೀಜ ಸಾಲಾಗಿ ಇಟ್ಟು ಮುಟ್ಟಿ ಎಣಿಸಲಿ. ಅದೇ ಬೀಜಗಳನ್ನು ದೂರ ದೂರ ಹರಡಿ, "ಈಗ ಎಷ್ಟು?" ಅನ್ನಿ. ಮೊದಮೊದಲು "ಜಾಸ್ತಿ ಆಯ್ತು" ಅನ್ನಬಹುದು. ಮತ್ತೆ ಎಣಿಸಲಿ. ಐದು ಚೆನ್ನಾಗಿ ಬಂದ ಮೇಲೆ ಎರಡನ್ನು ಮುಷ್ಟಿಯಲ್ಲಿ ಅಡಗಿಸಿ, "ಕೈಯೊಳಗೆ ಎಷ್ಟಿದೆ?" ಅಂತ ಕೇಳಿ. ಕೂಡುವುದು, ಕಳೆಯುವುದು ಇಲ್ಲಿಂದಲೇ ಶುರು.

ಅಜ್ಜಿಯರ ಆಟ: ಅಳಗುಳಿ ಮಣೆ ಅಟ್ಟದ ಮೇಲಿದ್ದರೆ ಇಳಿಸಿ. ಎರಡು ಸಾಲು, ಸಾಲಿಗೆ ಏಳು ಗುಳಿ. ಗುಳಿಗೊಂದು ಬೀಜ ಹಾಕುತ್ತಾ ಹೋಗುವುದೇ ಒಳ್ಳೆಯ ಪಾಠ. ಮಣೆ ಇಲ್ಲದಿದ್ದರೆ ನೆಲದಲ್ಲಿ ಗುಳಿ ತೋಡಿದರೂ ಆಯಿತು. ಸ್ವಲ್ಪ ದೊಡ್ಡ ಮಕ್ಕಳಿಗೆ ಚೌಕಾಬಾರ ಕಲಿಸಿ. ಬಿದ್ದ ಕವಡೆ ನೋಡಿ ಅಷ್ಟು ಮನೆ ನಡೆಸಬೇಕಲ್ಲ! ಕವಡೆಯ ಬದಲು ಒಂದು ಬದಿ ತೇಯ್ದ ಹುಣಸೆ ಬೀಜವೂ ಆಗುತ್ತದೆ.

ಒಂದು ಎಚ್ಚರಿಕೆ. ಪುಟ್ಟ ಮಕ್ಕಳು ಬೀಜವನ್ನು ಬಾಯಿಗೆ, ಮೂಗಿಗೆ ಹಾಕಿಕೊಳ್ಳುತ್ತಾರೆ. ಮೂರು ವರ್ಷದೊಳಗಿನವರಿಗೆ ಲೋಟ, ಚಮಚ, ಈರುಳ್ಳಿಯಂಥ ದೊಡ್ಡ ವಸ್ತುಗಳೇ ಇರಲಿ. ಬೀಜದ ಆಟದಲ್ಲಿ ದೊಡ್ಡವರು ಪಕ್ಕದಲ್ಲೇ ಕುಳಿತಿರಬೇಕು.

ಮಗು ತಪ್ಪಿದರೆ ಹೊಡೆಯಬೇಡಿ, ನಗಬೇಡಿ. "ಬಾ, ಇಬ್ಬರೂ ಸೇರಿ ಎಣಿಸೋಣ" ಅನ್ನಿ. ಇಪ್ಪತ್ತೊಂಬತ್ತಾದ ಮೇಲೆ "ಇಪ್ಪತ್ತಹತ್ತು" ಅಂದರೆ ಅದು ದಡ್ಡತನವಲ್ಲ, ಮಗು ತಾನೇ ಯೋಚಿಸುತ್ತಿದೆ ಅಂತ ಅರ್ಥ. ಲೆಕ್ಕ ಅಂದರೆ ಏಟು ಅಂತ ಒಮ್ಮೆ ಮನಸ್ಸಿಗೆ ಬಂದರೆ ಆ ಹೆದರಿಕೆ ಹೈಸ್ಕೂಲಿನವರೆಗೂ ಬಿಡುವುದಿಲ್ಲ. ಎಷ್ಟೋ ಹೆಣ್ಣುಮಕ್ಕಳು ಈ ಹೆದರಿಕೆಯಿಂದಲೇ ಶಾಲೆ ಬಿಟ್ಟದ್ದನ್ನು ನಾವು ನೋಡಿದ್ದೇವೆ.

ಆ ತಾಯಿಯ ಮನೆಗೆ ಒಂದು ತಿಂಗಳ ನಂತರ ಮತ್ತೆ ಹೋದೆವು. ಮಗು ನಮ್ಮ ಅಂಗೈಯಲ್ಲಿ ಒಂದೊಂದೇ ಬೀಜ ಇಡುತ್ತಾ ಐದಕ್ಕೆ ನಿಲ್ಲಿಸಿ, "ಅಷ್ಟೇ ಸಿಸ್ಟರ್" ಅಂದಿತು. ಈ ಸಲ ಚಪ್ಪಾಳೆ ತಟ್ಟಿದ್ದು ಆ ತಾಯಿ.

ದಿನಕ್ಕೆ ಹತ್ತು ನಿಮಿಷ ಸಾಕು, ಸಹೋದರಿಯರೇ. ಇವತ್ತು ರಾತ್ರಿ ತಟ್ಟೆ ಇಡುವಾಗಲೇ ಶುರು ಮಾಡಿ. ನಿಮ್ಮ ಮಗು ಏನು ಮಾಡಿತು ಅಂತ ಮುಂದಿನ ಸಭೆಯಲ್ಲಿ ಒಬ್ಬೊಬ್ಬರಾಗಿ ಹೇಳಬೇಕು. ನಾವು ಕಾಯುತ್ತಿರುತ್ತೇವೆ.