ಕೊಡುವ ಕೈಯೊಡನೆ ಕಾಲೂ ನಡೆಯಲಿ

(ಶತಮಾನೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ದಾನಧರ್ಮದ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ಗುರುಗಳ ಅಪ್ಪಣೆಯಾಗಿದೆ. ದಾನ ಮಾಡಿರೆಂದು ಈ ಸಭೆಗೆ ಬೋಧಿಸುವ ಅಗತ್ಯವಿಲ್ಲ. ಬಡವರ ಕಾಣಿಕೆ ಡಬ್ಬಿ, ತಪಸ್ಸುಕಾಲದ ಉಳಿತಾಯ, ಹಬ್ಬದ ಅಕ್ಕಿ, ಅಗಲಿದ ಹಿರಿಯರ ಹೆಸರಿನಲ್ಲಿ ಅನಾಥಾಲಯಕ್ಕೆ ಒಂದು ದಿನದ ಊಟ - ಇವೆಲ್ಲ ನಮ್ಮ ಮನೆತನಗಳಲ್ಲಿ ತಲೆಮಾರುಗಳಿಂದ ನಡೆದುಬಂದಿವೆ. ಇಂದು ನಾವು ಹೇಳಬಯಸುವುದು ಒಂದೇ ಮಾತು. ಯಾವ ಸಂಸ್ಥೆಗೆ ನಾವು ಹಣ ಕಳುಹಿಸುತ್ತೇವೆಯೋ ಆ ಸಂಸ್ಥೆಯ ಹೊಸ್ತಿಲನ್ನು ನಾವು ಸ್ವತಃ ತುಳಿಯಬೇಕು. ಅಲ್ಲಿರುವವರ ಮುಖವನ್ನು ನಾವು ನೋಡಬೇಕು. ನಮ್ಮ ಮುಖವನ್ನು ಅವರು ನೋಡಬೇಕು.

ಇದು ಹೊಸ ಉಪದೇಶವಲ್ಲ. ಮತ್ತಾಯನ ಶುಭಸಂದೇಶದ 25ನೆಯ ಅಧ್ಯಾಯದಲ್ಲಿ ಪ್ರಭು ಯೇಸು ಕಡೆಯ ತೀರ್ಪಿನ ಚಿತ್ರವನ್ನು ನಮ್ಮ ಮುಂದಿಡುತ್ತಾರೆ. ಹಸಿದವನು, ಬಾಯಾರಿದವನು, ಪರದೇಶಿ, ಬಟ್ಟೆಯಿಲ್ಲದವನು, ರೋಗಿ, ಸೆರೆಯಾಳು - ಈ ಆರು ಮಂದಿಯಲ್ಲಿಯೂ ತಾವೇ ಇದ್ದುದಾಗಿ ಹೇಳುತ್ತಾರೆ. ಅನ್ನವನ್ನು ಇನ್ನೊಬ್ಬರ ಕೈಯಲ್ಲಿ ಕಳುಹಿಸಬಹುದು, ಬಟ್ಟೆಯನ್ನೂ ಕಳುಹಿಸಬಹುದು. ಆದರೆ ರೋಗಿಯ ವಿಷಯಕ್ಕೆ ಬಂದಾಗ ಪ್ರಭು ಕೇಳುವುದು ಔಷಧದ ಹಣವನ್ನಲ್ಲ. ಸೆರೆಯಾಳಿನ ವಿಷಯಕ್ಕೆ ಬಂದಾಗ ಕೇಳುವುದು ಬಿಡುಗಡೆಯ ಖರ್ಚನ್ನಲ್ಲ. ನೀವು ಬಂದಿರೋ ಇಲ್ಲವೋ ಎಂಬುದಷ್ಟೇ ಅಲ್ಲಿನ ಪ್ರಶ್ನೆ. ಈ ಪ್ರಶ್ನೆಗೆ ಬೇರೊಬ್ಬರ ಮೂಲಕ ಉತ್ತರ ಕೊಡಿಸಲು ಸಾಧ್ಯವಿಲ್ಲ. ದೇವಮಾತೆಯೂ ಬಂಧುವಾದ ಎಲಿಜಬೇತಳಿಗೆ ಶುಭಾಶಯ ಹೇಳಿಕಳುಹಿಸಿ ಮನೆಯಲ್ಲಿ ಕೂರಲಿಲ್ಲ. ಯೂದಾಯದ ಬೆಟ್ಟದ ಸೀಮೆಗೆ ತಾವೇ ನಡೆದುಹೋಗಿ, ಸುಮಾರು ಮೂರು ತಿಂಗಳು ಆಕೆಯೊಡನಿದ್ದರು.

ಈ ತತ್ವವನ್ನು ಆಧುನಿಕ ಕಾಲದಲ್ಲಿ ಬಾಳಿ ತೋರಿಸಿದವರಲ್ಲಿ ಫ್ರೆಡರಿಕ್ ಓಝನಾಮ್ ಅಗ್ರಗಣ್ಯರು. 1832ರಲ್ಲಿ ಪ್ಯಾರಿಸ್ ನಗರದಲ್ಲಿ ಕಾಲರಾ ಮಾರಿ ಹಬ್ಬಿ ಸಾವಿರಾರು ಜನ ಸತ್ತರು. ಮರುವರ್ಷ, 1833ರ ಏಪ್ರಿಲ್ 23ರಂದು, ಓಝನಾಮ್ ಮತ್ತು ಆತನ ವಿದ್ಯಾರ್ಥಿ ಮಿತ್ರರು, ಎಮ್ಯಾನುಯೆಲ್ ಬೈಯಿ ಎಂಬ ಹಿರಿಯರ ಮಾರ್ಗದರ್ಶನದಲ್ಲಿ, ಇಂದು ಸಂತ ವಿನ್ಸೆಂಟ್ ದೆ ಪೌಲರ ಸಭೆಯೆಂದು ಲೋಕವೆಲ್ಲ ಬಲ್ಲ ಸಂಘವನ್ನು ಆರಂಭಿಸಿದರು. ಅಂದು ಓಝನಾಮನಿಗೆ ಇಪ್ಪತ್ತು ವರ್ಷ ತುಂಬಿದ ದಿನ. ಅವರೇನು ಧನವಂತರಲ್ಲ, ಓದುವ ಹುಡುಗರು. ಬಡವರನ್ನು ಕಾಣುವುದು ಹೇಗೆಂದು ಅವರಿಗೆ ತಿಳಿಯದು. ಆಗ ಮುಫ್ತಾರ್ ಬಡಾವಣೆಯ ಬಡವರ ನಡುವೆ ದುಡಿಯುತ್ತಿದ್ದ ಕನ್ಯಾಸ್ತ್ರೀ ರೊಜಾಲಿ ರಾಂದು ಅವರು ಕುಟುಂಬಗಳ ಹೆಸರುಗಳನ್ನೂ ರೊಟ್ಟಿಯ ಚೀಟಿಗಳನ್ನೂ ಕೊಟ್ಟು ಅವರನ್ನು ಆ ಮನೆಗಳಿಗೆ ಕಳುಹಿಸಿದರು. ಬಡವರೊಡನೆ ಗೌರವದಿಂದ ನಡೆದುಕೊಳ್ಳುವ ಬಗೆಯನ್ನೂ ಕಲಿಸಿದರು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ರೊಟ್ಟಿಯ ಚೀಟಿಯನ್ನು ಆ ಸೋದರಿಯೇ ಹಂಚಬಹುದಾಗಿತ್ತು. ಆದರೂ ಹುಡುಗರೇ ಮೆಟ್ಟಿಲು ಹತ್ತಿ, ಕತ್ತಲೆಯ ಕೋಣೆಯಲ್ಲಿ ಕುಳಿತು, ಆ ಮನೆಯ ಕಷ್ಟಸುಖವನ್ನು ಕೇಳಬೇಕಾಗಿತ್ತು. ಈ ಮನೆಭೇಟಿಯೇ ಸಭೆಯ ಜೀವಾಳವಾಯಿತು. ಓಝನಾಮ್ ಮುಂದೆ ಸೊರ್ಬಾನ್ ವಿದ್ಯಾಪೀಠದ ಪ್ರಾಧ್ಯಾಪಕರಾದರು. ಕಾರ್ಮಿಕರ ಕೂಲಿಯ ವಿಷಯವಾಗಿಯೂ ಸಮಾಜದ ನ್ಯಾಯದ ವಿಷಯವಾಗಿಯೂ ಅವರು ಬರೆದುದಕ್ಕೆ ಆ ಕೋಣೆಗಳಲ್ಲಿ ಕಂಡದ್ದೇ ಬಲ ಕೊಟ್ಟಿತು. ನಲವತ್ತನೆಯ ವಯಸ್ಸಿನಲ್ಲಿ, 1853ರಲ್ಲಿ, ಅವರು ತೀರಿಕೊಂಡರು. ಪೋಪ್ ಎರಡನೆಯ ಜಾನ್ ಪೌಲರು 1997ರಲ್ಲಿ ಓಝನಾಮರನ್ನೂ 2003ರಲ್ಲಿ ರೊಜಾಲಿ ರಾಂದು ಅವರನ್ನೂ ಪುನೀತರೆಂದು ಘೋಷಿಸಿದರು.

ಹಾಗಾದರೆ ಭೇಟಿಯಿಂದ ಆಗುವ ಪ್ರಯೋಜನವೇನು? ಮೊದಲನೆಯದು, ನಿಜವಾದ ಅಗತ್ಯದ ಅರಿವು. ಕ್ರಿಸ್ಮಸ್ ವಾರದಲ್ಲಿ ಅನಾಥಾಲಯಗಳಿಗೆ ಕೇಕು, ಸಿಹಿತಿಂಡಿ, ಹೊಸಬಟ್ಟೆ ಹರಿದುಬರುತ್ತವೆ. ಜೂನ್ ತಿಂಗಳಲ್ಲಿ ಶಾಲೆ ತೆರೆದು, ಪುಸ್ತಕ, ಕೊಡೆ, ಪಾದರಕ್ಷೆಗಳ ಖರ್ಚು ಒಟ್ಟಿಗೆ ಬಂದಾಗ ಕೇಳುವವರು ಕಡಿಮೆ. ವೃದ್ಧಾಶ್ರಮಕ್ಕೆ ಸೀರೆ ಕಂಬಳಿಗಳನ್ನು ಕೊಡಲು ಹತ್ತು ಜನ ಮುಂದೆ ಬರುತ್ತಾರೆ. ಹಾಸಿಗೆ ಹಿಡಿದವರ ಸೇವೆಗೆ ರಾತ್ರಿಯೆಲ್ಲ ಎಚ್ಚರವಿರುವ ಆಯಾಳ ಸಂಬಳಕ್ಕೆ ಹಣ ಕೊಡಬೇಕೆಂದು ಎಷ್ಟು ಮಂದಿಗೆ ಹೊಳೆದೀತು? ಹೋಗಿ ನೋಡಿದವರಿಗೆ ಅದು ಒಂದು ಗಳಿಗೆಯಲ್ಲಿ ತಿಳಿಯುತ್ತದೆ. ಸೋರುವ ಮಾಡು, ಕೆಟ್ಟುನಿಂತ ಪಂಪು, ಹರಿದ ಹಾಸಿಗೆ - ಇವು ಮನವಿಪತ್ರದಲ್ಲಿ ಕಾಣದೆ ಹೋಗಬಹುದು, ಕಣ್ಣಿಗೆ ಕಾಣದೆ ಹೋಗವು.

ಎರಡನೆಯದು, ವಿಶ್ವಾಸ. ಕೊಟ್ಟ ಹಣ ಏನಾಯಿತೆಂದು ನೋಡುವುದು ಸಂಶಯದ ಲಕ್ಷಣವಲ್ಲ. ಪ್ರಾಮಾಣಿಕವಾಗಿ ನಡೆಯುವ ಸಂಸ್ಥೆ ಲೆಕ್ಕದ ಪುಸ್ತಕವನ್ನು ತೆರೆದಿಡಲು ಅಂಜುವುದಿಲ್ಲ. ಬಾಗಿಲು ತೆರೆದಿರುವ ಕಡೆ ತಪ್ಪು ನಡೆಯುವುದೂ ಕಷ್ಟ. ದಾನಿಗಳು ಬಂದುಹೋಗುತ್ತಿರುವ ಮನೆಯಲ್ಲಿ ನಿಸ್ಸಹಾಯಕರಾದ ಮಕ್ಕಳಿಗೂ ವೃದ್ಧರಿಗೂ ಒಂದು ಕಾವಲಿರುತ್ತದೆ.

ಮೂರನೆಯದು ಎಲ್ಲಕ್ಕಿಂತ ಮಿಗಿಲಾದುದು. ಹಣದಿಂದ ಎಂದಿಗೂ ತೀರದ ಬಡತನವೊಂದಿದೆ. ಅದು ಯಾರಿಗೂ ಬೇಡವಾದೆನೆಂಬ ನೋವು. ಕುಷ್ಠರೋಗಿಗಳನ್ನು ನೆನೆಯೋಣ. 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗೆ ಹೋಮಿಯೋಪಥಿ ಔಷಧ ಕೊಡಲಾರಂಭಿಸಿದ ಯೇಸುಸಭೆಯ ಫಾದರ್ ಮುಲ್ಲರ್ ಅವರು 1890ರಲ್ಲಿ ಈ ರೋಗಿಗಳಿಗಾಗಿ ಆಶ್ರಯಧಾಮವೊಂದನ್ನು ತೆರೆದರು. ಅಂದು ರೋಗಕ್ಕೆ ಮದ್ದಿರಲಿಲ್ಲ. ಇಂದು ಮದ್ದಿದೆ. ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಶಿಫಾರಸು ಮಾಡಿದ ಬಹು ಔಷಧ ಚಿಕಿತ್ಸೆಯಿಂದ ಈ ರೋಗ ಸಂಪೂರ್ಣ ಗುಣವಾಗುತ್ತದೆ; ಚಿಕಿತ್ಸೆ ಆರಂಭವಾದ ಮೇಲೆ ಒಬ್ಬರಿಂದೊಬ್ಬರಿಗೆ ಹರಡುವುದೂ ನಿಲ್ಲುತ್ತದೆ. ಆದರೂ ಗುಣವಾದವರನ್ನು ಮನೆಗೆ ಕರೆದೊಯ್ಯದ ಬಂಧುಗಳು ಇದ್ದಾರೆ. ಅವರ ಕೈಯಿಂದ ಒಂದು ಲೋಟ ಕಾಫಿ ತೆಗೆದುಕೊಂಡು, ಪಕ್ಕದಲ್ಲಿ ಕುಳಿತು ಕುಡಿಯುವ ಒಬ್ಬ ಅತಿಥಿ ಮಾಡುವ ಉಪಕಾರವನ್ನು ಯಾವ ಚೆಕ್ಕೂ ಮಾಡಲಾರದು. ಬೆಂಗಳೂರಿನ ಮಾಗಡಿ ರಸ್ತೆಯ ಸುಮನಹಳ್ಳಿಯಂತಹ ಸ್ಥಳಗಳಿಗೆ ಹೋಗಿಬಂದವರ ಭಯ ಅಲ್ಲಿಯೇ ಕಳೆಯುತ್ತದೆ. ರೋಗ ಹೋದರೂ ಉಳಿದುಕೊಂಡ ಕಳಂಕವನ್ನು ತೊಳೆಯಲು ಇದೊಂದೇ ದಾರಿ.

ಭೇಟಿಗೂ ಒಂದು ಮರ್ಯಾದೆಯುಂಟು. ಬಡವರ ಮನೆ ಪ್ರದರ್ಶನಶಾಲೆಯಲ್ಲ. ಮೊದಲೇ ತಿಳಿಸಿ, ಸಂಸ್ಥೆಯವರ ಅನುಕೂಲದ ಹೊತ್ತಿನಲ್ಲಿ ಹೋಗಬೇಕು. ವಿನ್ಸೆಂಟ್ ಸಭೆಯ ಪದ್ಧತಿಯಂತೆ ಇಬ್ಬಿಬ್ಬರಾಗಿ ಹೋದರೆ ಸಾಕು. ಐವತ್ತು ಜನರ ಮೆರವಣಿಗೆ ಬೇಡ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಹಾಡು ಹೇಳಿಸುವುದು, ದಾನದ ವಸ್ತುವನ್ನು ಕೈಗಿತ್ತು ಫೋಟೋ ತೆಗೆಸುವುದು ಸಲ್ಲದು. ನಿನ್ನ ತಂದೆತಾಯಿ ಎಲ್ಲಿ ಎಂದು ಅನಾಥ ಮಗುವನ್ನು ಕೇಳಬಾರದು. ನಡೆಸಲಾಗದ ಮಾತನ್ನು ಕೊಡಬಾರದು. ಒಮ್ಮೆ ಹೋದಲ್ಲಿಗೆ ಮತ್ತೆ ಹೋಗಬೇಕು. ಮೊದಲ ಭೇಟಿಯಲ್ಲಿ ನಾವು ದಾನಿಗಳು, ಮೂರನೆಯ ಭೇಟಿಯ ಹೊತ್ತಿಗೆ ನೆಂಟರು.

ಬಿಡುವಿಲ್ಲವೆಂದು ಕೆಲವರು ಹೇಳಬಹುದು. ಮದುವೆ ಮನೆಗೂ ಸಾವಿನ ಮನೆಗೂ ನಾವೆಲ್ಲರೂ ಬಿಡುವು ಮಾಡಿಕೊಂಡೇ ಹೋಗುತ್ತೇವೆ. ಏಕೆಂದರೆ ಅವರು ನಮ್ಮವರು. ಇವರೂ ನಮ್ಮವರೆಂದು ಒಪ್ಪಿಕೊಂಡರೆ ದಿನ ತಾನಾಗಿ ಒದಗುತ್ತದೆ. ಗುರುಗಳು ನಮ್ಮ ಮನೆಗಳಿಗೆ ಬಂದು ಆಶೀರ್ವದಿಸಿದ ದಿನ ನಮಗಾಗುವ ಸಂತೋಷವನ್ನು ಎಣಿಸಿದರೆ, ಯಾರೂ ಬಾರದ ಮನೆಗೆ ಒಬ್ಬರು ಬಂದಾಗ ಆಗುವ ಸಂತೋಷವೂ ಅರ್ಥವಾದೀತು.

ಆದುದರಿಂದ ಈ ಸಭೆಯ ಮುಂದೆ ನಮ್ಮದೊಂದು ಸಣ್ಣ ಸಲಹೆಯಿದೆ. ಶತಮಾನೋತ್ಸವದ ನಿಧಿಯಿಂದ ಧರ್ಮಕೇಂದ್ರವು ಯಾವ ಯಾವ ಸಂಸ್ಥೆಗಳಿಗೆ ನೆರವು ಕೊಡುವುದೋ, ಅವುಗಳಲ್ಲಿ ಒಂದೊಂದನ್ನು ಒಂದೊಂದು ಕಿರು ಕ್ರೈಸ್ತ ಸಮುದಾಯವು ವಹಿಸಿಕೊಳ್ಳಲಿ. ಮೂರು ತಿಂಗಳಿಗೊಮ್ಮೆ ಎರಡು ಕುಟುಂಬಗಳವರು ಅಲ್ಲಿಗೆ ಹೋಗಿಬರಲಿ. ಸಾಧ್ಯವಾದರೆ ಮಕ್ಕಳನ್ನೂ ಕರೆದೊಯ್ಯಲಿ. ಅಲ್ಲಿ ಕಂಡುದನ್ನು ಮುಂದಿನ ಪ್ರಾರ್ಥನಾಕೂಟದಲ್ಲಿ ಎಲ್ಲರಿಗೂ ತಿಳಿಸಲಿ. ಇದಕ್ಕೆ ಬೇಕಾಗುವುದು ಬಸ್ಸಿನ ಚಾರ್ಜು, ಅರ್ಧ ದಿನದ ಬಿಡುವು, ಅಷ್ಟೆ.

ನಮ್ಮ ಹಿರಿಯರು ನೂರು ವರ್ಷದ ಹಿಂದೆ ಈ ದೇವಾಲಯವನ್ನು ಕಟ್ಟಿ ನಮ್ಮ ಕೈಗಿತ್ತರು. ಇಲ್ಲಿನ ಪೀಠದಿಂದ ಪ್ರಭುವಿನ ಪ್ರಸಾದವನ್ನು ಸ್ವೀಕರಿಸಿ ಹೊರಟವರು ಆ ಪ್ರಭುವೇ ಕಾದಿರುವ ಇತರ ಮನೆಗಳ ದಾರಿಯನ್ನೂ ಬಲ್ಲವರಾಗಲಿ. ಬೆಟ್ಟದ ಸೀಮೆಗೆ ಅವಸರವಾಗಿ ನಡೆದ ಮಾತೆ ಮರಿಯಮ್ಮನವರು ನಮ್ಮ ಹೆಜ್ಜೆಗಳನ್ನು ಮುನ್ನಡೆಸಲಿ ಎಂದು ಪ್ರಾರ್ಥಿಸುತ್ತೇವೆ.