ವಿರಾಮಕಾಲದ ಕಸೂತಿ



ಬಿಡುವಿಲ್ಲವೆಂದು ದೂರುವವರು ನಮ್ಮಲ್ಲಿ ಬಹು ಮಂದಿ. ಬಿಡುವು ದೊರೆತಾಗ ಅದನ್ನೇನು ಮಾಡಬೇಕೆಂದು ತಿಳಿಯದವರು ಅದಕ್ಕಿಂತಲೂ ಹೆಚ್ಚು. ಕಚೇರಿಯಿಂದ ಬಂದು, ಕೈಕಾಲು ತೊಳೆದು, ಕಾಫಿ ಕುಡಿದಮೇಲೆ ಉಳಿಯುವ ಒಂದು ಗಂಟೆ. ಅಡಿಗೆಮನೆಯ ಕೆಲಸ ಮುಗಿದು ಮಕ್ಕಳು ಮಲಗಿದಮೇಲೆ ಉಳಿಯುವ ಅರ್ಧ ಗಂಟೆ: ಇವು ಹೇಗೆ ಕಳೆದುಹೋದುವೆಂದು ಕೇಳಿದರೆ ಉತ್ತರ ಹೇಳಬಲ್ಲವರು ವಿರಳ. ಕೈಯಲ್ಲಿರುವ ಮೊಬೈಲಿನ ಪುಟ್ಟ ಪರದೆ ಅವನ್ನು ಸದ್ದಿಲ್ಲದೆ ನುಂಗಿಬಿಟ್ಟಿರುತ್ತದೆ. ದೇಹವೇನೋ ಒರಗಿಕೊಂಡಿತ್ತು, ಆದರೆ ಮನಸ್ಸು ಹತ್ತೂರಿನ ಸಂತೆಗಳಲ್ಲಿ ಅಲೆದು, ಹೊರಟಾಗ ಇದ್ದುದಕ್ಕಿಂತ ಹೆಚ್ಚು ದಣಿದು ಹಿಂದಿರುಗಿತು. ಇದನ್ನು ವಿರಾಮವೆನ್ನಬಹುದೆ?

ಹಾಗೆಂದು ಸುಮ್ಮನೆ ಕಣ್ಣುಮುಚ್ಚಿ ಕುಳಿತರೆ ಮನಸ್ಸು ಸುಮ್ಮನಿರುತ್ತದೆಯೆ? ಅದೂ ಇಲ್ಲ. ನಿನ್ನೆಯ ಮಾತು, ನಾಳೆಯ ಸಾಲ, ಇನ್ನಾರೋ ಮಾಡಿದ ಅವಮಾನ ಎಲ್ಲವನ್ನೂ ಅದು ಮೆಲುಕುಹಾಕುತ್ತದೆ. ಮನಸ್ಸಿಗೆ ಒಂದು ಸಣ್ಣ ಗೂಟ ಬೇಕು; ಹಗ್ಗ ಸ್ವಲ್ಪ ಉದ್ದವಾಗಿಯೂ ಇರಬೇಕು. ಹಸು ಮೇಯುತ್ತಲೂ ಇರಬೇಕು, ಪಕ್ಕದವರ ಹೊಲಕ್ಕೆ ನುಗ್ಗಲೂ ಬಾರದು. ಅಂತಹ ಗೂಟಗಳಲ್ಲಿ ಒಂದಾದ ಕಸೂತಿಯ ವಿಚಾರವಾಗಿ ಈ ಹೊತ್ತು ಕೆಲವು ಮಾತುಗಳನ್ನು ತಮ್ಮಲ್ಲಿ ಅರಿಕೆಮಾಡಬೇಕೆಂದಿದ್ದೇನೆ.

ಮೈಸೂರಿನ ಕಡೆ ಕಸೂತಿಯೆಂಬುದು ಸೂಜಿದಾರಗಳಿಂದ ಬಟ್ಟೆಯ ಮೇಲೆ ತೆಗೆಯುವ ಎಲ್ಲ ಬಗೆಯ ಚಿತ್ತಾರಕ್ಕೂ ಸಲ್ಲುವ ಹೆಸರು. ಧಾರವಾಡದ ಕಡೆಗೆ ಹೋದರೆ ಅದು ಒಂದು ವಿಶಿಷ್ಟವಾದ ಕಲೆಯ ಹೆಸರು. ನಾನು ಹೇಳಹೊರಟದ್ದು ಈ ಎರಡನೆಯ ಕಸೂತಿಯನ್ನು ಕುರಿತು. ಇಳಕಲ್ಲಿನ ಸೀರೆಯನ್ನು ತಾವು ಕಂಡಿರಬಹುದು. ಗಾಢವರ್ಣದ ಒಡಲು, ಕೆಂಪು ರೇಷ್ಮೆಯ ಸೆರಗು. ಆ ಸೆರಗಿನ ಬಳಿ ಗೋಪುರ, ತೇರು, ಅಂಬಾರಿಯ ಆನೆ, ತುಳಸೀಕಟ್ಟೆ ಮೊದಲಾದ ದೊಡ್ಡ ಚಿತ್ರಗಳು. ಒಡಲಿನ ಕಡೆಗೆ ಸರಿದಂತೆ ಚಿತ್ರಗಳು ಚಿಕ್ಕವಾಗುತ್ತ, ಚದುರುತ್ತ, ಕೊನೆಗೆ ಬಿಡಿಬಿಡಿಯಾದ ಹೂಗಳಾಗಿ ಕಪ್ಪಿನಲ್ಲಿ ಕರಗುತ್ತವೆ. ಜಾತ್ರೆಯ ದಿನ ಗುಡಿಯ ಮುಂದಿನ ಗದ್ದಲದಿಂದ ಹೊರಟು ಊರಾಚೆಯ ಹೊಲಕ್ಕೆ ಬಂದಂತೆ ಕಣ್ಣಿಗೆ ತೋರುತ್ತದೆ. ಚಂದ್ರಕಾಳಿ ಸೀರೆಯ ಮೇಲೆ, ಖಣದ ಕುಪ್ಪಸದ ಮೇಲೆ, ಕೂಸಿನ ತಲೆಗೆ ಹೊದಿಸುವ ಕುಂಚಿಗೆಯ ಮೇಲೆ ಹೆಂಗಸರು ತಮ್ಮ ಮನೆಯ ಸುತ್ತಲಿನ ಜಗತ್ತನ್ನೇ ಈ ರೀತಿ ತಂದಿಟ್ಟರು. ನವಿಲು, ಗಿಳಿ, ಹಂಸ, ಬಸವ, ತೊಟ್ಟಿಲು, ಪಲ್ಲಕ್ಕಿ ಇವೆಲ್ಲ ಅವರ ಕಣ್ಣಿಗೆ ಬಿದ್ದವು, ಅವರ ಹಾಡಿಗೆ ಬಂದವು, ಸೂಜಿಯ ಮೊನೆಗೂ ಬಂದವು.

ಈ ಕಲೆಯ ಒಂದು ನಿಯಮವನ್ನು ಮುಖ್ಯವಾಗಿ ಗಮನಿಸಬೇಕು. ಇದರಲ್ಲಿ ಬಟ್ಟೆಯ ಮೇಲೆ ಮೊದಲು ಚಿತ್ರವನ್ನು ಬರೆದುಕೊಳ್ಳುವ ಪದ್ಧತಿಯಿಲ್ಲ. ಸೀಸದಕಡ್ಡಿಯಿಲ್ಲ, ಅಚ್ಚು ಇಲ್ಲ. ನೆಯ್ಗೆಯ ಎಳೆಗಳನ್ನು ಎಣಿಸಿ, ಇಷ್ಟು ಎಳೆಗೆ ಒಂದು ಹೊಲಿಗೆಯೆಂದು ಗೊತ್ತುಮಾಡಿಕೊಂಡು, ಆ ಲೆಕ್ಕದಮೇಲೆಯೇ ಗೋಪುರವನ್ನು ಎಬ್ಬಿಸಬೇಕು. ರಂಗವಲ್ಲಿಗೆ ಚುಕ್ಕೆಯಿದ್ದಂತೆ ಇದಕ್ಕೆ ಎಳೆ.

ಹೊಲಿಗೆಗಳು ನಾಲ್ಕು ತೆರ. ಅಡ್ಡಕ್ಕೂ ಉದ್ದಕ್ಕೂ ಓರೆಗೂ ಗೆರೆ ಎಳೆದಂತೆ ನಡೆಯುವುದು ಗವಂತಿ. ಮೆಟ್ಟಿಲು ಮೆಟ್ಟಿಲಾಗಿ ಅಂಕುಡೊಂಕಾಗಿ ಏರುವುದು ಮುರಗಿ. ನೇಕಾರನು ಮಗ್ಗದಲ್ಲಿ ನೆಯ್ದಂತೆಯೇ ಕಾಣಿಸುವ ಉದ್ದುದ್ದ ಹೊಲಿಗೆ ನೇಗಿ. ಹೆಸರು ನೆಯ್ಗೆಯಿಂದ ಬಂದದ್ದೆಂಬುದು ಸ್ಪಷ್ಟವಾಗಿಯೇ ಇದೆ. ಎರಡು ಎಳೆಗಳು ಒಂದರಮೇಲೊಂದು ಕತ್ತರಿಯಂತೆ ಹಾದು, ಮೆಂತ್ಯದ ಕಾಳನ್ನು ನೆನಪಿಗೆ ತರುವುದು ಮೆಂತೆ. ಇವುಗಳಲ್ಲಿ ಗವಂತಿಯ ಹೆಸರು ಗಂಟು ಎಂಬ ಮಾತಿಗೆ ಸಂಬಂಧಿಸಿದ್ದೆಂದು ಹೇಳುವವರುಂಟು. ವಿನೋದವೆಂದರೆ, ಕಸೂತಿಯಲ್ಲಿ ಗಂಟಿಗೆ ಎಡೆಯೇ ಇಲ್ಲ! ಗವಂತಿಯನ್ನೂ ಮುರಗಿಯನ್ನೂ ಸರಿಯಾಗಿ ಹಾಕಿದ ಬಟ್ಟೆಯನ್ನು ತಿರುಗಿಸಿ ನೋಡಿದರೆ, ಯಾವುದು ಮೇಲ್ಮೈ, ಯಾವುದು ಒಳಮೈ ಎಂದು ತಿಳಿಯಬಾರದು.

ಇದು ಹೇಗೆ ಸಾಧ್ಯವೆಂಬುದನ್ನು ಸ್ವಲ್ಪ ವಿಸ್ತರಿಸುತ್ತೇನೆ. ಈ ಹವ್ಯಾಸದ ಸ್ವಾರಸ್ಯವೆಲ್ಲ ಅಲ್ಲಿಯೇ ಇದೆ. ಹತ್ತು ಹೊಲಿಗೆಗಳ ಒಂದು ನೇರವಾದ ಗೆರೆಯನ್ನು ಊಹಿಸಿಕೊಳ್ಳಿ. ಸೂಜಿ ಮೊದಲನೆಯ ಹೊಲಿಗೆಯನ್ನು ಮೇಲೆ ಹಾಕಿ, ಎರಡನೆಯದನ್ನು ಕೆಳಗೆ ಹಾಯಿಸಿ, ಮೂರನೆಯದನ್ನು ಮೇಲೆ ಹಾಕಿ ಮುಂದುವರಿಯುತ್ತದೆ. ಕೊನೆ ಮುಟ್ಟಿದಾಗ ಮೇಲುಗಡೆ ಐದು ಹೊಲಿಗೆಗಳು, ನಡುನಡುವೆ ಐದು ತೆರಪುಗಳು. ನೋಡಿದರೆ ಅರ್ಧ ಕೆಲಸ. ಈಗ ಸೂಜಿ ಹಿಂದಿರುಗಬೇಕು; ಬಂದ ದಾರಿಯಲ್ಲೇ ಬರಬೇಕು; ಆದರೆ ಹೋಗುವಾಗ ಕೆಳಗೆ ಹಾದಲ್ಲೆಲ್ಲ ಈಗ ಮೇಲೆ, ಮೇಲೆ ಹಾದಲ್ಲೆಲ್ಲ ಈಗ ಕೆಳಗೆ ಹಾಯಬೇಕು. ಮೊದಲಿನ ಸ್ಥಾನಕ್ಕೆ ಬಂದು ಸೇರುವ ಹೊತ್ತಿಗೆ ಎರಡು ಮೈಗಳಲ್ಲಿಯೂ ಗೆರೆ ಪೂರ್ಣವಾಗಿರುತ್ತದೆ. ದಾರಿಯಲ್ಲಿ ಕವಲು ಬಂದರೆ ಕವಲಿನ ತುದಿಯವರೆಗೂ ಹೋಗಿ, ಅದನ್ನು ತುಂಬಿಕೊಂಡು ಮರಳಿ, ಅನಂತರ ಮುಖ್ಯವಾದ ದಾರಿಯನ್ನು ಹಿಡಿಯತಕ್ಕದ್ದು.

ಎಷ್ಟು ತೊಡಕಾದ ಚಿತ್ರಕ್ಕೂ ಇಂತಹ ದಾರಿಯುಂಟೆ ಎಂದು ತಾವು ಸಂದೇಹಪಡಬಹುದು. ಇದಕ್ಕೆ ಗಣಿತಶಾಸ್ತ್ರದಲ್ಲಿ ಉತ್ತರವಿದೆ. ಕೋನಿಗ್ಸ್‌ಬರ್ಗ್ ಎಂಬ ಪಟ್ಟಣದ ಏಳು ಸೇತುವೆಗಳನ್ನು ಒಂದೊಂದು ಬಾರಿ ಮಾತ್ರ ದಾಟಿ ತಿರುಗಾಡಿ ಬರಲು ಸಾಧ್ಯವೆ ಎಂಬ ಸಮಸ್ಯೆಯನ್ನು 1736ರಲ್ಲಿ ಆಯ್ಲರ್ ಎಂಬ ಮಹಾ ಗಣಿತಜ್ಞನು ವಿಚಾರಮಾಡಿ, ಸಾಧ್ಯವಿಲ್ಲವೆಂದು ತೋರಿಸಿದನು. ಹೊರಟಲ್ಲಿಗೇ ಹಿಂದಿರುಗಬೇಕಾದರೆ ಪ್ರತಿಯೊಂದು ಕೂಡುದಾಣದಲ್ಲಿಯೂ ಸೇರುವ ದಾರಿಗಳ ಸಂಖ್ಯೆ ಸರಿಸಂಖ್ಯೆಯಾಗಿರಬೇಕೆಂಬುದು ಆ ವಿಚಾರದಿಂದ ಹೊರಟ ಸೂತ್ರ. ಕಸೂತಿಯಲ್ಲಿ ಪ್ರತಿ ಗೆರೆಯ ಮೇಲೂ ಎರಡು ಬಾರಿ ನಡೆಯುತ್ತೇವೆ. ಎರಡರಿಂದ ಗುಣಿಸಿದಮೇಲೆ ಯಾವ ಸಂಖ್ಯೆ ತಾನೆ ಬೆಸವಾಗಿ ಉಳಿದೀತು? ಆದಕಾರಣ ಒಂದಕ್ಕೊಂದು ಸೇರಿಕೊಂಡಿರುವ ಗೆರೆಗಳ ಯಾವ ಚಿತ್ರವಾದರೂ ಆಗಲಿ, ಹೋಗುವುದೊಂದು ಸಲ ಬರುವುದೊಂದು ಸಲ ನಡೆದು ಮುಗಿಸಿ ಮೊದಲಿನ ತಾಣಕ್ಕೆ ಮರಳುವ ದಾರಿ ಇದ್ದೇ ಇರುತ್ತದೆ. ಆಯ್ಲರನ ಹೆಸರನ್ನು ಎಂದೂ ಕೇಳದ ಅಜ್ಜಿಯರು ಪಡಸಾಲೆಯಲ್ಲಿ ಕುಳಿತು ಈ ತತ್ತ್ವವನ್ನು ಬೆರಳ ತುದಿಯಲ್ಲಿ ನಡೆಸಿದರು, ಮೊಮ್ಮಗಳಿಗೂ ಹೇಳಿಕೊಟ್ಟರು.

ಈಗ ಮನಸ್ಸಿನ ಮಾತಿಗೆ ಬರೋಣ. ನಾಲ್ಕು ಎಳೆ ಎಣಿಸುವುದು ದೊಡ್ಡ ವಿದ್ಯೆಯಲ್ಲ; ಆದರೂ ಎಣಿಕೆ ತಪ್ಪಿದರೆ ಗೋಪುರ ವಾಲುತ್ತದೆ. ಅಷ್ಟುಮಟ್ಟಿನ ಎಚ್ಚರ ಬೇಕು, ಅದಕ್ಕಿಂತ ಹೆಚ್ಚಿನದು ಬೇಡ. ಬುದ್ಧಿಯ ಒಂದಂಶ ಎಣಿಕೆಯಲ್ಲಿ ತೊಡಗಿರುವುದರಿಂದ ಚಿಂತೆಗೆ ಕುಳಿತುಕೊಳ್ಳಲು ಸ್ಥಳ ಸಿಕ್ಕುವುದಿಲ್ಲ. ಉಳಿದ ಅಂಶ ಬಿಡುವಾಗಿರುವುದರಿಂದ ಮನೆಯವರ ಮಾತನ್ನು ಕೇಳಬಹುದು, ಸಂಗೀತವನ್ನು ಕೇಳಬಹುದು. ಉಸಿರು ತಾನಾಗಿ ಕೈಯ ಗತಿಗೆ ಹೊಂದಿಕೊಳ್ಳುತ್ತದೆ. ತಪ್ಪಿದರೆ ಬಿಚ್ಚಬಹುದು, ಬಿಚ್ಚಿದ್ದರಿಂದ ಯಾರ ಆಸ್ತಿಯೂ ಮುಳುಗುವುದಿಲ್ಲ. ಇಡೀ ದಿನ ಮಾಡಿದ ಕೆಲಸ ಕಾಗದಗಳ ನಡುವೆ ಕರಗಿಹೋಗುವ ನಮ್ಮಂಥವರಿಗೆ, ಸಂಜೆಗೆ ಅಂಗುಲದಷ್ಟಾದರೂ ಕಣ್ಣಿಗೆ ಕಾಣುವಂತೆ ಉಳಿಯಿತಲ್ಲ ಎಂಬ ಸಮಾಧಾನ ಸಣ್ಣದೇನಲ್ಲ.

ಆರಂಭಿಸುವವರಿಗೆ ಬೇಕಾದ ಸಾಮಗ್ರಿ ಅತ್ಯಲ್ಪ. ಮೊದಲೇ ಇಳಕಲ್ಲಿನ ಸೀರೆಗೆ ಕೈಹಾಕಬೇಡಿ. ಅದರ ಎಳೆ ಬಹಳ ಸಣ್ಣದು. ಎಳೆಗಳು ಎದ್ದು ಕಾಣುವ ಮ್ಯಾಟಿ ಬಟ್ಟೆ ಒಂದು ಗೇಣು ಸಾಕು. ಆರೆಳೆಯ ಹತ್ತಿಯ ದಾರದ ಲಡಿಯಿಂದ ಎರಡೆಳೆಯನ್ನು ಬಿಡಿಸಿಕೊಳ್ಳಿ. ದಾರ ಒಂದು ಮೊಳಕ್ಕಿಂತ ಹೆಚ್ಚು ಉದ್ದ ಬೇಡ. ಆಸೆಪಟ್ಟು ಉದ್ದ ತೆಗೆದವರು ಸಿಕ್ಕು ಬಿಡಿಸುವುದರಲ್ಲಿಯೇ ಸಂಜೆ ಕಳೆಯಬೇಕಾಗುತ್ತದೆ. ಮೊನೆ ಮೊಂಡಾದ ಸೂಜಿಯಾದರೆ ಎಳೆಗಳನ್ನು ಸೀಳದೆ ನಡುವೆ ನುಸುಳುತ್ತದೆ. ಗಂಟು ಹಾಕುವ ಬದಲು ತುದಿಯಲ್ಲಿ ಎರಡಂಗುಲ ದಾರವನ್ನು ಬಿಟ್ಟಿದ್ದು, ಕಡೆಯಲ್ಲಿ ಹೊಲಿಗೆಗಳ ಅಡಿಯಲ್ಲಿ ಅಡಗಿಸಿಬಿಡಿ. ಕಿಟಕಿಯ ಬಳಿ, ಹಗಲಿನ ಬೆಳಕಿನಲ್ಲಿ ಕುಳಿತುಕೊಳ್ಳುವುದು ಉತ್ತಮ. ಕಪ್ಪು ಬಟ್ಟೆಯಾದರೆ ತೊಡೆಯ ಮೇಲೆ ಬಿಳಿಯ ಪಂಚೆಯನ್ನು ಹಾಸಿಕೊಂಡರೆ ಎಳೆಗಳ ನಡುವಿನ ತೆರಪು ತಿಳಿಯಾಗಿ ಕಾಣುತ್ತದೆ. ಆಗಾಗ ತಲೆಯೆತ್ತಿ ದೂರದ ಮರವನ್ನು ನೋಡಿರಿ. ಕಣ್ಣಿಗೂ ಕತ್ತಿಗೂ ಹಿತ. ಮೊದಲ ವಾರ ಗೆರೆ, ಎರಡನೆಯ ವಾರ ಮೆಟ್ಟಿಲು, ಅನಂತರ ಒಂದು ಪುಟ್ಟ ತುಳಸೀಕಟ್ಟೆ: ಇಷ್ಟು ನಿಧಾನವಾಗಿ ಹೋದರೆ ನಷ್ಟವೇನೂ ಇಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ಮರೆಮಾಡದೆ ಎದುರಿಸಬೇಕು. ಸೂಜಿಯನ್ನು ಹೆಣ್ಣಿನ ಕೈಗೆ ಕೊಟ್ಟು ಅವಳನ್ನು ಹೊಸಿಲೊಳಗೆ ಕೂರಿಸಿದ ಕಾಲವೊಂದಿತ್ತಲ್ಲ, ಅದನ್ನೇ ಮತ್ತೆ ಹೊಗಳುತ್ತಿದ್ದೀರಾ ಎಂದು ವಿದ್ಯಾವಂತರಾದ ಸೋದರಿಯರು ಕೇಳಿಯಾರು. ಪ್ರಶ್ನೆ ನ್ಯಾಯವಾದದ್ದು. ಹೆಣ್ಣು ನೋಡಲು ಬಂದವರು, ಹಾಡು ಬರುತ್ತದೆಯೆ, ಕಸೂತಿ ಬರುತ್ತದೆಯೆ ಎಂದು ಪರೀಕ್ಷೆ ಮಾಡುತ್ತಿದ್ದುದನ್ನು ಬಲ್ಲವರು ಇನ್ನೂ ಇದ್ದಾರೆ. ಪರೀಕ್ಷೆಗಾಗಿ ಹಿಡಿದ ಸೂಜಿ ಚುಚ್ಚುತ್ತದೆ. ಪುಸ್ತಕವನ್ನು ಕಸಿದುಕೊಂಡು ಕೊಟ್ಟ ಸೂಜಿಯಂತೂ ಇನ್ನೂ ಆಳವಾಗಿ ಚುಚ್ಚುತ್ತದೆ. ನಾನು ಹೇಳುವ ವಿರಾಮಕ್ಕೆ ಮೊದಲನೆಯ ಲಕ್ಷಣ ಸ್ವೇಚ್ಛೆ. ಬೇಕೆಂದಾಗ ಹಿಡಿಯುವ, ಬೇಡವೆಂದಾಗ ಡಬ್ಬಿಯಲ್ಲಿಟ್ಟು ಮುಚ್ಚುವ ಸ್ವಾತಂತ್ರ್ಯವಿದ್ದರೆ ಮಾತ್ರ ಅದು ಹವ್ಯಾಸ.

ಸ್ವೇಚ್ಛೆಯ ಮಾತು ಬಂದಮೇಲೆ ಗಂಡಸರನ್ನು ಹೊರಗೆ ನಿಲ್ಲಿಸುವುದು ಉಚಿತವಲ್ಲ. ಕಾಶ್ಮೀರದ ಶಾಲುಗಳ ಮೇಲಿನ ನವುರಾದ ಸೂಜಿಕೆಲಸ ಬಹುಮಟ್ಟಿಗೆ ಗಂಡಸರದೇ. 1914ರಿಂದ 1918ರವರೆಗೆ ನಡೆದ ಮಹಾಯುದ್ಧದಲ್ಲಿ ಗಾಯಗೊಂಡು ಆಸ್ಪತ್ರೆಗಳನ್ನು ಸೇರಿದ ಸೈನಿಕರಿಗೆ ಇಂಗ್ಲೆಂಡಿನಲ್ಲಿ ಸೂಜಿದಾರವನ್ನು ಕೊಟ್ಟು ಕೂರಿಸಿದರು. ಅಂತಹ ಸೈನಿಕರು ಕೈಯಾರೆ ಸೂಜಿಕೆಲಸ ಮಾಡಿದ ವೇದಿಕೆಯ ವಸ್ತ್ರವನ್ನು 1919ರಲ್ಲಿ ಲಂಡನ್ನಿನ ಸೇಂಟ್ ಪಾಲ್ಸ್ ಮಹಾದೇವಾಲಯದಲ್ಲಿ ಹೊದಿಸಿದರು. ಬಂದೂಕು ಹಿಡಿದ ಕೈಗೆ ಸೂಜಿ ಅವಮಾನವೆಂದು ಅವರಿಗೆ ತೋರಲಿಲ್ಲ. ಲೇಖನಿ ಹಿಡಿದ ಕೈಗೆ ಏಕೆ ತೋರಬೇಕು?

ಕೊನೆಯದಾಗಿ ಒಂದು ವಿಷಯ. ನಮಗೆ ವಿರಾಮವಾದದ್ದು ಇನ್ನೊಬ್ಬರಿಗೆ ಜೀವನೋಪಾಯ. ಧಾರವಾಡದ ಸುತ್ತಲಿನ ಎಷ್ಟೋ ಹೆಂಗಸರು ಕೂಲಿಗಾಗಿ ಕಸೂತಿ ಹಾಕುತ್ತಾರೆ. ಅವರಿಗೆ ಬೇಸರವಾದಾಗ ಡಬ್ಬಿ ಮುಚ್ಚುವ ಸ್ವಾತಂತ್ರ್ಯವಿಲ್ಲ. ಈ ಕಲೆಗೆ ಈಗ ಭೌಗೋಳಿಕ ಸೂಚಿಕೆಯ ರಕ್ಷಣೆ ದೊರೆತಿದೆ, ಸಂತೋಷವೇ. ಆದರೂ ಅಂಗಡಿಗಳಲ್ಲಿ ಯಂತ್ರದಿಂದಾದ ಸರಕು ಕಸೂತಿಯೆಂಬ ಹೆಸರಿನಲ್ಲೇ ಮಾರಾಟವಾಗುತ್ತದೆ, ಬೆಲೆಯೂ ಅಗ್ಗ. ಯಂತ್ರಕ್ಕೆ ಮೇಲೊಂದು ದಾರ, ಕೆಳಗೊಂದು ದಾರ ಬೇಕು. ಆದ್ದರಿಂದ ಅದರ ಒಳಮೈ ಬೇರೆಯೇ. ಒಂದೇ ದಾರ ಹೋಗಿ ಬಂದ ಗುರುತು ಕೈಕೆಲಸದಲ್ಲಿ ಮಾತ್ರ ಕಾಣುತ್ತದೆ. ಬಟ್ಟೆಯನ್ನು ತಿರುಗಿಸಿ ನೋಡುವುದನ್ನು ಕಲಿತರೆ ಕೊಳ್ಳುವವರು ಮೋಸಹೋಗುವುದು ಕಡಮೆಯಾದೀತು. ಒಂದು ಗೇಣು ಬಟ್ಟೆಯಮೇಲೆ ತಾನೇ ತುಳಸೀಕಟ್ಟೆಯನ್ನು ಎಬ್ಬಿಸಿದವನಿಗೆ, ಒಂದು ಸೀರೆಯ ಸೆರಗಿನಲ್ಲಿ ಎಷ್ಟು ಹಗಲುಗಳು ಅಡಗಿವೆಯೆಂಬುದು ಬೆರಳಿಗೇ ಗೊತ್ತಿರುತ್ತದೆ. ಅವನು ಆ ಸೀರೆಯ ಬೆಲೆಯಲ್ಲಿ ನೂರು ರೂಪಾಯಿಗಾಗಿ ಚೌಕಾಸಿ ಮಾಡಲು ಬಾಯಿ ತೆರೆಯಲಾರ. ಹವ್ಯಾಸಿಯು ಕುಶಲಕರ್ಮಿಗೆ ಸಲ್ಲಿಸಬಹುದಾದ ಕಾಣಿಕೆಯೆಂದರೆ ಇದೇ: ಕೆಲಸದ ಬೆಲೆಯನ್ನು ಬಲ್ಲವನಾಗುವುದು.

ಆದುದರಿಂದ ಮಿತ್ರರೆ, ಸಂಜೆಯ ಅರ್ಧ ಗಂಟೆಯನ್ನು ಸೂಜಿಗೆ ಕೊಟ್ಟುನೋಡಿ. ಯಾರಿಗೂ ತೋರಿಸಬೇಕಾಗಿಲ್ಲ, ಮಾರಬೇಕಾಗಿಲ್ಲ, ಪಂದ್ಯ ಕಟ್ಟಬೇಕಾಗಿಲ್ಲ. ಹೋಗುವಾಗ ಅರ್ಧವಾಗಿ ಕಾಣುವ ಕೆಲಸ ಮರಳಿ ಬರುವಾಗ ಪೂರ್ಣವಾಗುತ್ತದೆ. ಅವಸರಪಡದವರಿಗೆ ಮಾತ್ರ ಅದು ಒಲಿಯುತ್ತದೆ.